ಮೈಕಿನ ತಂತಿಯಲ್ಲಿ ಬಂದ ಡಿಜಿಟಲ್ ಬೆಳಕು

ನಮ್ಮ ರಂಗಮಂದಿರಕ್ಕೆ ಡಿಜಿಟಲ್ ಬೆಳಕು ಹಾಕಿಸಲು ಬೆಂಗಳೂರಿನಿಂದ ಬಂದಿದ್ದ ಸಲಹೆಗಾರ, ಕೆಲಸ ನಡೆದ ಅಷ್ಟೂ ದಿನ ಒಮ್ಮೆಯೂ ಏಣಿ ಹತ್ತಲಿಲ್ಲ. ಮೂರನೆಯ ಸಾಲಿನ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಮೇಲೆ ಹತ್ತಿದ್ದ ಕೂಲಿಯವರಿಗೆ ಬೆರಳಿನಲ್ಲೇ ಎಡ ಬಲ ತೋರಿಸುತ್ತಿದ್ದ. ಒಬ್ಬ ಮನುಷ್ಯನನ್ನು ಅಷ್ಟು ಸುಲಭವಾಗಿ, ಅಷ್ಟು ಸಂತೋಷದಿಂದ ನಾನು ತಿರಸ್ಕರಿಸಿದ್ದು ಅದಕ್ಕೆ ಮೊದಲು ಇರಲಿಲ್ಲ.

ಆಗ ನಾನು ಮೇಟಗಳ್ಳಿಯ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿದ್ದೆ. ಯಂತ್ರಗಳಿಗೆ ಅಪ್ಪಣೆ ಕೊಂಡೊಯ್ಯುವ ತಂತಿಗಳನ್ನು ಜೋಡಿಸುವುದು, ಕೆಟ್ಟರೆ ಹುಡುಕಿ ಸರಿಮಾಡುವುದು ನನ್ನ ಕೆಲಸ. ಹೆಂಗಸೊಬ್ಬಳು ಆ ಕೆಲಸ ಮಾಡುವುದನ್ನು ನೋಡಲು ಬೇರೆ ವಿಭಾಗದವರು ಮೊದಮೊದಲು ಏನಾದರೂ ನೆಪ ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ಅವರಿಗೇ ಬೇಜಾರಾಗಿ ಬಿಟ್ಟರು. ಕಾರ್ಖಾನೆಯ ಕನ್ನಡ ಸಂಘ ವರ್ಷಕ್ಕೊಂದು ನಾಟಕ ಆಡುತ್ತಿತ್ತು. ಬೆಳಗ್ಗೆ ಲೇತ್ ಮುಂದೆ ನಿಂತು ಆಕಳಿಸುತ್ತಿದ್ದವರೆಲ್ಲ ಸಂಜೆ ಬಣ್ಣ ಹಚ್ಚಿಕೊಂಡರೆ ತಾವು ಬೇರೆಯೇ ಜಾತಿಯ ಮನುಷ್ಯರು ಅಂದುಕೊಳ್ಳುತ್ತಿದ್ದರು. ಬೆಳಕು ಹಿಡಿಯಲು ಮಾತ್ರ ಯಾರಿಗೂ ಮನಸ್ಸಿರಲಿಲ್ಲ, ಬೆಳಕು ಹಿಡಿಯುವವರ ಮುಖ ಯಾರಿಗೂ ಕಾಣುವುದಿಲ್ಲವಲ್ಲ. 'ತಂತಿ ಗೊತ್ತಿರೋದು ನಿಮಗೆ ತಾನೆ' ಎಂದು ನನ್ನನ್ನು ಕಳಿಸಿದರು. ತೊಂಬತ್ತರ ದಶಕದ ನಡುವಿನಿಂದ ಪ್ರತಿ ವರ್ಷ ಸರಸ್ವತಿಪುರಂ ಕಡೆಯ ಆ ಮಂದಿರಕ್ಕೆ ನಾನು ಹೋಗತೊಡಗಿದ್ದು ಹಾಗೆ.

ಅಲ್ಲಿ ದೀಪದ ಕೆಲಸಕ್ಕೆ ಒಬ್ಬ ಹಿರಿಯರಿದ್ದರು. ನಾನು ಅವರನ್ನು ಯಜಮಾನ್ರೇ ಅನ್ನುತ್ತಿದ್ದೆ. ವೇದಿಕೆಯ ಪಕ್ಕದ ಗೂಡಿನಲ್ಲಿ ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಅದರ ಮೇಲೆ ಹನ್ನೆರಡು ಹಿಡಿಕೆ. ಪ್ರತಿ ದೀಪದಿಂದ ಬೆರಳು ಗಾತ್ರದ ತಂತಿ ನೇರವಾಗಿ ಆ ಪೆಟ್ಟಿಗೆಗೆ ಬರುತ್ತಿತ್ತು. ಹಿಡಿಕೆ ಮೇಲೆತ್ತಿದರೆ ಬೆಳಕು ಏರಬೇಕು, ಇಳಿಸಿದರೆ ಇಳಿಯಬೇಕು, ಅಷ್ಟೆ. ನಾಟಕ ಮುಗಿಯುವ ಹೊತ್ತಿಗೆ ಪೆಟ್ಟಿಗೆ ದೋಸೆ ಕಾವಲಿಯ ಹಾಗೆ ಕಾದಿರುತ್ತಿತ್ತು. ನಾಲ್ಕು ದೀಪ ಒಟ್ಟಿಗೆ ಇಳಿಯಬೇಕಾದಾಗ ಅವರು ಎರಡು ಹಿಡಿಕೆಯನ್ನು ಕೈಯಲ್ಲಿ, ಎರಡನ್ನು ಮೊಣಕೈಯಲ್ಲಿ ಒತ್ತುತ್ತಿದ್ದರು. ಯಾವ ಹಿಡಿಕೆ ಯಾವ ದೀಪಕ್ಕೆ ಎಂದು ಎಲ್ಲಿಯೂ ಬರೆದಿರಲಿಲ್ಲ.

'ಒಂದು ಚೀಟಿ ಅಂಟಿಸಬಾರದಾ ಯಜಮಾನ್ರೇ?' ಎಂದು ಕೇಳಿದರೆ, 'ಎಲ್ಲಾ ತಲೇಲದೆ ಬುಡಿ ಕಣಮ್ಮ' ಅನ್ನುತ್ತಿದ್ದರು.

ನನಗೆ ಅದು ಹಿಡಿಸುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಪ್ರತಿ ತಂತಿಗೂ ಎರಡೂ ತುದಿಗೆ ನಂಬರು ಕಟ್ಟಿದವಳು ನಾನು. ತಲೆಯಲ್ಲಿ ನಂಬರು ಇಟ್ಟುಕೊಂಡು ತಿರುಗುವವರನ್ನು ನಾನು ಕೆಲಸಗಾರರ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಯಜಮಾನರನ್ನು ಇಷ್ಟಪಡುತ್ತಿದ್ದೆ, ಆದರೆ ಮೇಲಿನಿಂದ ಕೆಳಗೆ ನೋಡಿಕೊಂಡೇ ಇಷ್ಟಪಡುತ್ತಿದ್ದೆ.

ಹೊಸ ಶತಮಾನ ಬಂದು ನಾಲ್ಕೈದು ವರ್ಷಕ್ಕೆ ಮಂದಿರವನ್ನು ನಡೆಸುತ್ತಿದ್ದ ಸಂಸ್ಥೆಗೆ ಎಲ್ಲವನ್ನೂ ಹೊಸದು ಮಾಡುವ ಹುರುಪು ಬಂತು. ಅದರ ಕಾರ್ಯದರ್ಶಿ ಪ್ರಾಂಶುಪಾಲರಾಗಿ ನಿವೃತ್ತರಾದವರು. ಎದುರಿಗೆ ಒಬ್ಬನೇ ಕೂತಿದ್ದರೂ ಐವತ್ತು ಮಂದಿಗೆ ಪಾಠ ಹೇಳುವ ದನಿಯಲ್ಲಿ ಮಾತನಾಡುತ್ತಿದ್ದರು. ಅವರು ಯಾರದೋ ಮಾತು ಕೇಳಿ ಈ ಸಲಹೆಗಾರನನ್ನು ಕರೆಸಿದರು. ಅವನು ಪರದೆಯ ಮೇಲೆ ಚಿತ್ರ ಬಿಟ್ಟು ಸಮಿತಿಯವರಿಗೆ ವಿವರಿಸುವಾಗ ನಾನು ಸಂಘದ ನಾಟಕದ ದಿನ ಗೊತ್ತುಮಾಡಲು ಹೋಗಿ ಹಿಂದೆ ನಿಂತಿದ್ದೆ.

'ಡಿಜಿಟಲ್ ಅಂದ್ರೆ ಸರ್, ಸೊನ್ನೆ, ಇಲ್ಲಾಂದ್ರೆ ಒಂದು. ನಡುವೆ ಏನೂ ಇಲ್ಲ. ಹಾಗಾಗಿ ಇದರಲ್ಲಿ ತಪ್ಪಾಗೋ ಪ್ರಶ್ನೆಯೇ ಬರಲ್ಲ' ಎಂದ.

ಕಾರ್ಯದರ್ಶಿಗಳು ಪಕ್ಕದವರತ್ತ ತಿರುಗಿ 'ಸೊನ್ನೆ ಮತ್ತು ಒಂದು' ಎಂದು ಪುನರುಚ್ಚರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಸೊನ್ನೆ ಒಂದುಗಳು ಎಷ್ಟು ಬಗೆಯಲ್ಲಿ ಕೆಡುತ್ತವೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡಾಗಿತ್ತು.

ಹೊಸ ವ್ಯವಸ್ಥೆಯಲ್ಲಿ ದೀಪಗಳಿಗೆ ಕರೆಂಟು ಬೇರೆ ದಾರಿಯಲ್ಲಿ ಬರುತ್ತದೆ. ಅದರ ಜೊತೆಗೆ ಒಂದು ತೆಳ್ಳನೆಯ ತಂತಿ ಇರುತ್ತದೆ, ಅದರಲ್ಲಿ ಹರಿಯುವುದು ಅಪ್ಪಣೆ ಮಾತ್ರ. ಪ್ರತಿ ದೀಪಕ್ಕೂ ಒಂದು ನಂಬರು. 'ಐದನೆಯದು ಅರ್ಧ ಉರಿಯಲಿ, ಒಂಬತ್ತನೆಯದು ಆರಲಿ' ಎನ್ನುವಂಥ ಅಪ್ಪಣೆಗಳು ಒಂದರ ಹಿಂದೊಂದು ಆ ತಂತಿಯಲ್ಲಿ ಓಡುತ್ತವೆ. ತಂತಿ ಮೊದಲ ದೀಪದ ಒಳಹೊಕ್ಕು ಹೊರಬಂದು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಹೀಗೆ ಒಂದೇ ಸಾಲಿನಲ್ಲಿ ಹೋಗಬೇಕು. ನಡುವೆ ಎಲ್ಲಿಯೂ ಕವಲೊಡೆಯಬಾರದು. ಕೊನೆಯ ದೀಪದಲ್ಲಿ ಒಂದು ಸಣ್ಣ ರೆಸಿಸ್ಟರ್ ಹಾಕಿ ಸಾಲನ್ನು ಮುಚ್ಚಬೇಕು. ಇಲ್ಲದಿದ್ದರೆ ಬಾವಿಯೊಳಗೆ ಕೂಗಿದ ಕೂಗು ವಾಪಸು ಬರುವ ಹಾಗೆ ಅಪ್ಪಣೆ ತುದಿಗೆ ಬಡಿದು ತಿರುಗಿ ಬಂದು ಮುಂದಿನ ಅಪ್ಪಣೆಯೊಂದಿಗೆ ಕಲಸಿಹೋಗುತ್ತದೆ. ನಮ್ಮ ಕಾರ್ಖಾನೆಯ ಯಂತ್ರಗಳ ನಡುವೆ ಇದ್ದದ್ದೂ ಹೆಚ್ಚುಕಡಿಮೆ ಇಂಥದೇ ತಂತಿ. ಗೊತ್ತಿದ್ದವರಿಗೆ ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ.

ಪುನರಾರಂಭದ ಸಮಾರಂಭದ ದಿನವೇ ನಮ್ಮ ಸಂಘದ ನಾಟಕ ಎಂದು ನಿಶ್ಚಯವಾಯಿತು. ಎಂಟು ದಿನ ಮುಂಚೆ, ಶನಿವಾರ ಮಧ್ಯಾಹ್ನ, ಬೆಳಕು ಹಾಕಿಕೊಂಡು ತಾಲೀಮು ನಡೆಸಿದೆವು. ನಾಟಕದ ಮನೆಯೊಡೆಯ ಸಾಯುವ ದೃಶ್ಯ. ವೇದಿಕೆ ಮಬ್ಬಾಗಬೇಕಿತ್ತು. ಅಪ್ಪಣೆ ಕಳಿಸುವ ಹೊಸ ಬೋರ್ಡಿನಲ್ಲಿ ನಾನು ಕೀಲಿ ಒತ್ತಿದರೆ ದೀಪಗಳು ಮಬ್ಬಾಗುವ ಬದಲು ಜ್ವರ ಬಂದವರ ಹಾಗೆ ನಡುಗತೊಡಗಿದವು. ತಲೆ ತಿರುಗಿಸುವ ಎರಡು ದುಬಾರಿ ದೀಪಗಳಲ್ಲಿ ಒಂದು ಗೋಡೆಯ ಕಡೆ ತಿರುಗಿ, ಅಲ್ಲಿ ತೂಗುಹಾಕಿದ್ದ ಮರಳಿನ ಬಕೆಟ್ಟುಗಳ ಮೇಲೆ ಹಸಿರು ಬೆಳಕು ಚೆಲ್ಲಿ ತಲೆದೂಗುತ್ತಾ ನಿಂತಿತು. ಸತ್ತವನು ಒಂದು ಕಣ್ಣು ತೆರೆದು ನೋಡಿದ.

ಯಜಮಾನರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಹೊಸ ಬೋರ್ಡನ್ನು ಮುಟ್ಟಬಾರದೆಂದು ಅವರಿಗೆ ಕಟ್ಟಪ್ಪಣೆಯಾಗಿತ್ತು. 'ದಿನಾ ಇಂಗೇ ಕಣಮ್ಮ' ಎಂದರು. 'ಆಯುಧಪೂಜೇಲಿ ನಿಂಬೆಹಣ್ಣು ಬೇರೆ ಇಳಿ ತೆಗೆಸಿದ್ರು. ಅದಕ್ಕೂ ಬಗ್ಗಲಿಲ್ಲ.'

ನಾನು ಕಾರ್ಯದರ್ಶಿಗಳ ಕೋಣೆಗೆ ಹೋಗಿ ಅಲ್ಲಿನ ಫೋನಿನಿಂದಲೇ ಸಲಹೆಗಾರನಿಗೆ ಫೋನು ಮಾಡಿದೆ. ದೀಪ ನಡುಗುತ್ತಿವೆ ಎಂದೆ. ಅರ್ಥಿಂಗ್ ಸರಿಯಿಲ್ಲ ಎಂದ. ನಾನೇ ಅಳೆದು ನೋಡಿದ್ದೇನೆ, ಸರಿಯಾಗಿದೆ ಎಂದೆ. ಹಾಗಾದರೆ ವೋಲ್ಟೇಜು ಎಂದ. ಅದೂ ಸರಿಯಾಗಿದೆ ಎಂದೆ.

'ಮೇಡಂ, ತಾವು ಎಲ್ಲಿ ಕೆಲಸ ಮಾಡೋದು?'

ಹೇಳಿದೆ.

'ಅದೇ ನೋಡಿ. ಫ್ಯಾಕ್ಟರಿ ವೈರಿಂಗೇ ಬೇರೆ, ಸ್ಟೇಜ್ ಲೈಟಿಂಗೇ ಬೇರೆ. ಇದು ಕಲೆ ಮೇಡಂ.'

'ಆ ತಿರುಗೋ ದೀಪ ಗೋಡೆ ಕಡೆ ತಿರುಗ್ಕೊಂಡು ತಲೆ ಆಡಿಸ್ತಿದೆಯಲ್ಲ, ಅದೂ ಕಲೆಯಾ?'

'ಅದು ಆಟೋ ಶೋ. ತನ್ನಷ್ಟಕ್ಕೆ ಮಾಡುತ್ತೆ. ಆ ವಯಸ್ಸಾದೋರು ಯಾರೋ ಇದಾರಲ್ಲ, ಅವರು ಏನಾದ್ರೂ ಕೈಯಾಡ್ಸಿರ್ತಾರೆ. ಸ್ವಲ್ಪ ದೂರ ಇಡಿ ಅವರನ್ನ.'

ಸಮಾರಂಭದ ದಿನಕ್ಕಿಂತ ಮುಂಚೆ ಬರಲು ಅವನಿಗೆ ಬಿಡುವಿರಲಿಲ್ಲ. ಕಾರ್ಯದರ್ಶಿಗಳು ಎದುರಿಗೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. 'ನೋಡಿ ಮೇಡಂ, ತಾವು ಏನು ಮಾಡ್ತೀರೋ ನನಗೆ ಗೊತ್ತಿಲ್ಲ. ನಾನು ಮಾಡಿ ಅಂತ ಹೇಳಿಲ್ಲ, ಬೇಡ ಅಂತಲೂ ಹೇಳಿಲ್ಲ' ಎಂದರು. ಮೂವತ್ತು ವರ್ಷ ಪಾಠ ಹೇಳಿ ಆ ಮನುಷ್ಯ ಕಲಿತದ್ದು ಇಷ್ಟು.

ನಾನು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಏಣಿ ಹತ್ತಿದೆ. ಮೇಲೆ ನೋಡಿದರೆ ಅಲ್ಲಿದ್ದದ್ದು ಭಾಷಣದ ಮೈಕಿಗೆ ಹಾಕುವ ಮಾಮೂಲಿ ತಂತಿ. ಮೂರು ಪಿನ್ನಿನ ಕನೆಕ್ಟರ್ ಮೈಕಿನದರ ಹಾಗೇ ಇರುತ್ತದೆಂದು ತಂತಿಯೂ ಅದೇ ಸಾಕು ಎಂದು ಸಲಹೆಗಾರ ಅಂದುಕೊಂಡಿದ್ದ. ಅದನ್ನು ಬೇರೆ, ಕರೆಂಟಿನ ದಪ್ಪ ತಂತಿಯ ಜೊತೆಗೇ ಕಟ್ಟುಹಾಕಿ ಎಳೆದಿದ್ದರು. ಎಲ್ಲಕ್ಕಿಂತ ಚೆಂದದ್ದು ವೇದಿಕೆಯ ನಡುಮಧ್ಯದ ಪೈಪಿನ ಮೇಲಿತ್ತು. ತಂತಿಯನ್ನು ಅಲ್ಲಿ ಕತ್ತರಿಸಿ, ಮೂರು ಕವಲು ಮಾಡಿ, ಕೈಯಲ್ಲೇ ಹೊಸೆದು, ಕಪ್ಪು ಟೇಪು ಸುತ್ತಿದ್ದರು. ಬೆಸುಗೆ ಕೂಡ ಇಲ್ಲ. ಒಂದು ಕವಲಿನ ತುದಿಯಲ್ಲೂ ರೆಸಿಸ್ಟರ್ ಇರಲಿಲ್ಲ. ನಮ್ಮ ಕಾರ್ಖಾನೆಗೆ ಕೆಲಸ ಕಲಿಯಲು ಬರುವ ಐಟಿಐನವರು ಹೀಗೆ ಮಾಡಿದ್ದರೆ ನಾನು ಅವರನ್ನು ಅಂದೇ ಮನೆಗೆ ಕಳಿಸುತ್ತಿದ್ದೆ. ಇವನಿಗೆ ಇಲ್ಲಿ ಸರ್ ಅನ್ನುತ್ತಿದ್ದರು.

ಮಂಗಳವಾರ, ಬುಧವಾರ ರಜೆ ಹಾಕಿದೆ. ಸರಿಯಾದ ತಂತಿ ತಂದೆ. ಯಜಮಾನರು ಏಣಿಯ ಮೇಲೆ, ನಾನು ಕೆಳಗೆ ಮೇಜಿನ ಮೇಲೆ ಸೋಲ್ಡರಿಂಗ್ ಐರನ್ ಕಾಯಿಸಿಕೊಂಡು ಕನೆಕ್ಟರ್ ಕಟ್ಟುತ್ತಾ. ಮೊದಲು ಅವರಿಗೆ ಅರ್ಥವಾಗಲಿ ಎಂದು, ತಂತಿ ಏಕೆ ಒಂದೇ ಸಾಲಿನಲ್ಲಿ ಹೋಗಬೇಕು, ಕವಲು ಏಕೆ ಕೂಡದು ಎಂದು ಹಾಳೆಯ ಮೇಲೆ ಚಿತ್ರ ಬರೆದು ಅರ್ಧ ಗಂಟೆ ವಿವರಿಸಿದೆ. ಅವರು ಪೂರ್ತಿ ಕೇಳಿದರು.

'ಪಂಕ್ತೀಲಿ ಬಡಿಸ್ಕೊಂಡು ಹೋದಂಗೆ ಅನ್ನಿ' ಎಂದರು. 'ಒಬ್ರನ್ನ ದಾಟ್ಕೊಂಡೇ ಇನ್ನೊಬ್ರಿಗೆ. ಅವರವರ ಎಲೆಗೆ ಏನು ಬೇಕೋ ಅಷ್ಟೇ ತಗೋಬೇಕು.'

ನನಗೆ ಸಿಟ್ಟು ಬಂತು. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಇಷ್ಟರಲ್ಲಿ ಮುಗಿಸಿಬಿಟ್ಟಿದ್ದರು.

ಬುಧವಾರ ಹನ್ನೊಂದರ ಹೊತ್ತಿಗೆ ಸಾಲು ಪೂರ್ತಿಯಾಯಿತು. ದೀಪಗಳು ನಡುಗುವುದನ್ನು ನಿಲ್ಲಿಸಿದವು. ಹೇಳಿದ ಕೂಡಲೇ ಏರುತ್ತಿದ್ದವು, ಇಳಿಯುತ್ತಿದ್ದವು. ಆದರೆ ಸಾಲಿನ ಕೊನೆಯಲ್ಲಿದ್ದ ಆ ಎರಡು ತಿರುಗುವ ದೀಪಗಳು ಮಾತ್ರ ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. ನಂಬರು ಮತ್ತೆ ನೋಡಿದೆ, ಸರಿಯಿತ್ತು. ಕನೆಕ್ಟರ್ ಬಿಚ್ಚಿ ಮತ್ತೆ ಬೆಸೆದೆ. ಆಗಲಿಲ್ಲ. ರೆಸಿಸ್ಟರ್ ಬದಲಾಯಿಸಿದೆ. ಆಗಲಿಲ್ಲ.

ಯಜಮಾನರು ಏಣಿಯ ಮೇಲಿಂದ, 'ಇವೆರಡರ ಹಿಂದುಗಡೆ ಬರೆದಿರೋ ಚಿತ್ರ ಬೇರೆ ಥರ ಅದೆ ಕಣಮ್ಮ' ಎಂದರು.

'ಎಲ್ಲಾ ಒಂದೇ ಇರುತ್ತೆ ಯಜಮಾನ್ರೇ.'

'ಇಲ್ಲ ಕಣಮ್ಮ, ಬೇರೆಯವುದ್ರಲ್ಲಿ...'

'ಇದು ನಿಮ್ಮ ಹಿಡಿಕೆ ಪೆಟ್ಟಿಗೆ ಅಲ್ಲ' ಎಂದೆ. 'ಗೊತ್ತಿಲ್ಲದ್ದರಲ್ಲಿ ಬಾಯಿ ಹಾಕಬೇಡಿ. ಸುಮ್ಮನಿರಿ.'

ಅವರು ಮತ್ತೆ ದೀಪಗಳ ಕಡೆ ತಿರುಗಿದರು. ನಾನು ಇನ್ನೂ ಎರಡು ಗಂಟೆ ಒದ್ದಾಡಿದೆ. ಸರಿಯಾಗಿದ್ದ ತಂತಿಯೊಂದನ್ನು ಕಿತ್ತು ಬೇರೆ ಹಾಕಿದೆ. ಕಾರ್ಖಾನೆಯಲ್ಲಿ ನನ್ನ ಕೈಗೆ ಬಂದ ಯಂತ್ರ ಯಾವುದೂ ಹೀಗೆ ಸತಾಯಿಸಿರಲಿಲ್ಲ. ಕೊನೆಗೆ ಊಟದ ಡಬ್ಬಿ ಬಿಚ್ಚಿ ಕೂತೆ. ಅವರು ಏಣಿಯಿಂದ ಇಳಿದು ಬಂದು ಎಡಗೈಯನ್ನು ನನ್ನ ಮುಂದೆ ಚಾಚಿದರು. ಅಂಗೈ ಮೇಲೆ ಬಾಲ್ ಪೆನ್ನಿನಲ್ಲಿ ಎರಡು ಸೊನ್ನೆ ಬರೆದುಕೊಂಡಿದ್ದರು. ಒಂದೊಂದರೊಳಗೂ ಮೂರು ಚುಕ್ಕೆ, ಪಕ್ಕದಲ್ಲಿ ಕೂಡುವ ಗುರುತು, ಕಳೆಯುವ ಗುರುತು. ಒಂದರಲ್ಲಿ ಎರಡನೆಯ ಪಿನ್ನಿಗೆ ಕಳೆಯುವ ಗುರುತಿದ್ದರೆ ಇನ್ನೊಂದರಲ್ಲಿ ಮೂರನೆಯದಕ್ಕೆ. ಆ ಎರಡು ದೀಪಗಳು ಬೇರೆ ಕಂಪನಿಯವು, ಅವುಗಳ ಪಿನ್ನುಗಳು ಅದಲುಬದಲು. ಅಪ್ಪಣೆ ತಲೆಕೆಳಗಾಗಿ ಹೋಗುತ್ತಿತ್ತು. ಇಂಗ್ಲಿಷ್ ಓದಲು ಬಾರದ ಅವರು ಟಾರ್ಚ್ ಹಿಡಿದು ಪ್ರತಿ ದೀಪದ ಹಿಂದಿನ ಚಿತ್ರವನ್ನೂ ಹೋಲಿಸಿ ನೋಡಿದ್ದರು. ಇಂಗ್ಲಿಷ್ ಓದಬಲ್ಲ ನಾನು ಒಂದನ್ನೂ ನೋಡಿರಲಿಲ್ಲ.

ಎರಡು ಎಳೆ ಅದಲುಬದಲು ಮಾಡಿದ ಒಂದು ಗೇಣು ತಂತಿ ಕಟ್ಟಿ, ಆ ಎರಡು ದೀಪಗಳಿಗೆ ಮುಂಚೆ ಸೇರಿಸಿದೆ. ಕೀಲಿ ಒತ್ತಿದರೆ ಎರಡೂ ತಲೆ ಎತ್ತಿ ವೇದಿಕೆಯತ್ತ ತಿರುಗಿದವು. ಯಜಮಾನರು ನನ್ನ ಮುಖ ನೋಡಿದರು. ನಾನು ಹೇಳಿದ ಮಾತು ಇದು: 'ಮೊದಲೇ ಸರಿಯಾಗಿ ಬಿಡಿಸಿ ಹೇಳೋದಲ್ವಾ?'

ಭಾನುವಾರ ಸಂಜೆ ಸಮಾರಂಭ. ಸಲಹೆಗಾರ ರೇಷ್ಮೆ ಜುಬ್ಬ ಹಾಕಿಕೊಂಡು ಒಂದು ಗಂಟೆ ಮುಂಚೆ ಬಂದ. ತಲೆಯೆತ್ತಿ ಹೊಸ ತಂತಿಯನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದ. ಅವನಿಗೆ ಎಲ್ಲ ತಿಳಿಯಿತು; ಅಷ್ಟು ದಡ್ಡನೇನೂ ಅಲ್ಲ. ಬೋರ್ಡಿನ ಹತ್ತಿರ ಬಂದು, 'ಈ ಕೇಬಲ್ ಯಾರು ಎಳೆದಿದ್ದು ಮೇಡಂ?' ಎಂದ.

'ನಾವಿಬ್ಬರು' ಎಂದೆ.

'ಪರವಾಗಿಲ್ಲ, ನೀಟಾಗಿದೆ' ಎಂದು ಜೇಬಿನಿಂದ ತನ್ನ ಕಂಪನಿಯ ಹೆಸರಿನ ಚೀಟಿ ತೆಗೆದು ಬೋರ್ಡಿನ ಪಕ್ಕಕ್ಕೆ ಅಂಟಿಸಿ ಹೋದ.

ವೇದಿಕೆಯ ಮೇಲೆ ಅವನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಕಾರ್ಯದರ್ಶಿಗಳು ಮತ್ತೆ ಸೊನ್ನೆ ಮತ್ತು ಒಂದರ ಬಗ್ಗೆ ಹೇಳಿದರು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಸಲಹೆಗಾರ ಮೈಕು ಹಿಡಿದು, 'ನಡುವೆ ಒಂದು ಸಣ್ಣ ತೊಂದರೆ ಆಗಿತ್ತು. ತರಬೇತಿ ಇಲ್ಲದವರು ಕೈ ಹಾಕಿದ್ದರಿಂದ ಆದದ್ದು. ನಾನು ಸಾಫ್ಟ್‌ವೇರಿನಲ್ಲಿ ಸರಿಮಾಡಿದ್ದೀನಿ' ಎಂದ. ಪಕ್ಕದ ಪರದೆಯ ಹಗ್ಗ ಹಿಡಿದು ನಿಂತಿದ್ದ ಯಜಮಾನರತ್ತ ಕಾರ್ಯದರ್ಶಿಗಳು ತಿರುಗಿ ನೋಡಿದರು. ಮುಂದಿನ ಸಾಲಿನ ಕೆಲವರೂ ನೋಡಿದರು.

ನನ್ನ ಮುಂದೆ, ಬೋರ್ಡಿನ ಪಕ್ಕದಲ್ಲೇ, ಪ್ರಕಟಣೆಗೆಂದು ಇಟ್ಟಿದ್ದ ಇನ್ನೊಂದು ಮೈಕಿತ್ತು. ಅದರ ಗುಂಡಿ ಒತ್ತಿ ನಾಲ್ಕು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಇಂಥವನ ಜೊತೆ ಸಭೆಯಲ್ಲಿ ವಾದಕ್ಕಿಳಿಯುವುದು ನನ್ನ ಘನತೆಗೆ ಕಡಿಮೆ ಅನ್ನಿಸಿತು. ತುಟಿ ಕೊಂಕಿಸಿಕೊಂಡು ಕೂತೆ. ನಾಟಕ ಚೆನ್ನಾಗಿ ಆಯಿತು. ಬೆಳಕು ಎಲ್ಲಿಯೂ ತಪ್ಪಲಿಲ್ಲ.

ಎರಡು ತಿಂಗಳ ಮೇಲೆ ಇನ್ನೊಂದು ಕಾರ್ಯಕ್ರಮದ ಸಲುವಾಗಿ ಹೋದಾಗ ಯಜಮಾನರ ಸ್ಟೂಲು ಖಾಲಿಯಿತ್ತು. ಕಾವಲುಗಾರ ಹೇಳಿದ: 'ಅವ್ರನ್ನ ಬುಡಿಸ್ಬುಟ್ರು ಮೇಡಮ್ಮೋರೇ. ಲೈಟು ಕೆಡಿಸಿದ್ರಂತೆ.'

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದು ವಾರ ನಾನು ಕಾರ್ಯದರ್ಶಿಗಳನ್ನೂ ಸಲಹೆಗಾರನನ್ನೂ ಬಾಯಿಗೆ ಬಂದ ಹಾಗೆ ಆಡಿಕೊಂಡೆ. ಅವರ ಮಾತಿನ ಧಾಟಿ ಅನುಕರಿಸಿ ತೋರಿಸಿದೆ, ಎಲ್ಲರೂ ನಕ್ಕರು. ಆ ಮಂದಿರಕ್ಕೆ ಇನ್ನು ಕಾಲಿಡುವುದಿಲ್ಲ ಎಂದೆ. ಯಜಮಾನರ ಮನೆ ಎಲ್ಲಿ ಎಂದು ಮಾತ್ರ ವಿಚಾರಿಸಲಿಲ್ಲ.

ಒಂದು ವರ್ಷ ಕಳೆದ ಮೇಲೆ ಇಲವಾಲದ ಹತ್ತಿರದ ಕಲ್ಯಾಣಮಂಟಪದಲ್ಲಿ ನಮ್ಮ ವಿಭಾಗದವರೊಬ್ಬರ ಮಗಳ ಮದುವೆ. ಬೆಳಗಿನ ಮುಹೂರ್ತ. ಮಂಟಪದ ಪಕ್ಕದಲ್ಲಿ ಬಣ್ಣದ ದೀಪಗಳ ಸಣ್ಣ ಬೋರ್ಡಿನ ಮುಂದೆ ಯಜಮಾನರು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು.

'ಚೆನ್ನಾಗಿದೀರಾ ಕಣಮ್ಮ? ಊಟ ಆಯ್ತಾ?'

'ಇನ್ನೂ ಧಾರೆ ಆಗಿಲ್ವಲ್ಲ. ನೀವು ಎಂದಿನಿಂದ ಇಲ್ಲಿ?'

'ಆರು ತಿಂಗಳಾಯ್ತು. ಮಧ್ಯ ಒಂದಷ್ಟು ದಿನ ಮನೇಲೇ ಇದ್ದೆ.' ಬೋರ್ಡಿನ ಮೇಲಿನ ಧೂಳು ಒರೆಸಿದರು. 'ನೀವು ಅವತ್ತು ಒಂದು ಮಾತು ಹೇಳ್ಬೋದಿತ್ತು.'

ನಾನು ಸಿದ್ಧವಾಗಿದ್ದ ಉತ್ತರವನ್ನೇ ಕೊಟ್ಟೆ. 'ಅಂಥವನ ಜೊತೆ ಏನು ಮಾತು ಅಂತ ಸುಮ್ಮನಾದೆ ಯಜಮಾನ್ರೇ.'

'ಅವನ ಜೊತೆ ಅಲ್ಲ ಕಣಮ್ಮ' ಎಂದರು. 'ನನ್ ಪರವಾಗಿ.'

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. 'ತಪ್ಪಾಯ್ತು' ಎಂದೆ. ಅಷ್ಟರಲ್ಲಿ ವಾದ್ಯದವರು ಜೋರಾಗಿ ಶುರುಮಾಡಿದರು, ನನ್ನ ಮಾತು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅವರು ದೀಪ ಏರಿಸಲು ಕೂತರು.

ಮನೆಗೆ ಬಂದು ಕಾರ್ಯದರ್ಶಿಗಳಿಗೆ ಕಾಗದ ಬರೆದೆ. ಕೆಟ್ಟದ್ದು ಏನು, ಕೆಡಿಸಿದ್ದು ಯಾರು, ಸರಿಮಾಡಿದ್ದು ಯಾರು, ಕೊನೆಯ ಎರಡು ದೀಪಗಳ ದೋಷವನ್ನು ನಾನಲ್ಲ, ಯಜಮಾನರೇ ಹುಡುಕಿದ್ದು ಎಂದು ಎರಡು ಪುಟ. ಮೂರು ವಾರದ ಮೇಲೆ ಸಂಸ್ಥೆಯ ಮೊಹರಿನೊಂದಿಗೆ ಉತ್ತರ ಬಂತು: 'ತಮ್ಮ ಪತ್ರವನ್ನು ಸ್ವೀಕರಿಸಲಾಗಿದೆ. ಸದರಿ ವಿಷಯವನ್ನು ಸಮಿತಿಯ ಗಮನಕ್ಕೆ ತರಲಾಗುವುದು.' ಆ ಹೊತ್ತಿಗೆ ಸಲಹೆಗಾರ ಇನ್ನೊಂದು ಊರಿನಲ್ಲಿ ಇನ್ನೊಂದು ಮಂದಿರದ ಕೆಲಸ ಹಿಡಿದಿದ್ದಾನೆಂದು ಕೇಳಿದೆ. ಅಲ್ಲಿಯೂ ಯಾರೋ ಅವನಿಗೆ ಸರ್ ಅನ್ನುತ್ತಿರಬೇಕು.

ನನ್ನ ಕಾಗದದ ನಕಲನ್ನೂ ಆ ಉತ್ತರವನ್ನೂ ತೆಗೆದುಕೊಂಡು ಬಸ್ಸು ಹತ್ತಿ ಇಲವಾಲಕ್ಕೆ ಹೋದೆ. ಮದುವೆಯಿಲ್ಲದ ದಿನ. ಖಾಲಿ ಮಂಟಪದಲ್ಲಿ ಅವರು ಒದ್ದೆ ಬಟ್ಟೆಯಲ್ಲಿ ದೀಪದ ಗಾಜು ಒರೆಸುತ್ತಿದ್ದರು. ಉತ್ತರ ಓದಿ ಹೇಳಿದೆ.

'ಅಂಗಂದ್ರೆ ಏನು?'

'ಏನೂ ಮಾಡಲ್ಲ ಅಂತ.'

'ಅದು ಗೊತ್ತಿತ್ತು ಬುಡಿ' ಎಂದರು. ಆಮೇಲೆ ನಾನು ಬರೆದದ್ದನ್ನು ಓದಿ ಎಂದರು. ಎರಡು ಪುಟವನ್ನೂ ಓದಿದೆ. ಅವರು ಕೈ ಒರೆಸಿಕೊಂಡು ಕುರ್ಚಿಯ ಮೇಲೆ ಕೂತು ಕೇಳಿದರು. ಮುಗಿದ ಮೇಲೆ ಆ ನಕಲನ್ನು ತಮಗೆ ಕೊಡಲು ಆಗುತ್ತದಾ ಎಂದು ಕೇಳಿದರು.

'ಏನು ಮಾಡ್ತೀರಿ ಯಜಮಾನ್ರೇ? ಅವರೇನೂ ಮತ್ತೆ ಕರೆಯಲ್ಲ.'

'ಅವ್ರಿಗಲ್ಲ ಕಣಮ್ಮ. ನನ್ ಅಳಿಯ ಒಂದು ವರ್ಷದಿಂದ ಲೈಟು ಕೆಡಿಸ್ದೋನು ಅಂತ ಆಡ್ಕೋತಾ ಅವ್ನೆ. ಮನೇಲಿ ತೋರಿಸ್ಬೇಕು.'

ಹಾಳೆಗಳನ್ನು ಅವರು ನಾಲ್ಕಾಗಿ ಮಡಿಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.